ಗಂಗೊಳ್ಳಿಯ ಹಳೆಯ ದೋಣಿ

ಕುಂದಾಪುರದ ಹೊಳೆಯಂಚಿನಲ್ಲಿ ನಿಂತು ನೋಡುವವನಿಗೆ ಗಂಗೊಳ್ಳಿಯು ಕರೆದರೆ ಓಗೊಡುವಷ್ಟು ಹತ್ತಿರದಲ್ಲಿ ಕಾಣುತ್ತದೆ. ತೆಂಗಿನ ತೋಪು, ಅದರ ನಡುವೆ ಹೆಂಚಿನ ಮಾಡುಗಳು, ನೀರಿನ ಅಂಚಿಗೆ ಬಣ್ಣಬಣ್ಣದ ದೋಣಿಗಳ ಸಾಲು, ಇವೆಲ್ಲವೂ ಕಣ್ಣಿಗೆ ಸ್ಪಷ್ಟ. ಆದರೆ ಬಸ್ಸಿನಲ್ಲಿ ಹೋಗುವವನು ಹೆದ್ದಾರಿಯನ್ನು ಹಿಡಿದು, ಸೇತುವೆಗಳನ್ನು ದಾಟಿ, ತಲ್ಲೂರು ಹೆಮ್ಮಾಡಿಗಳ ಮೇಲಿಂದ ತ್ರಾಸಿಯ ಕಡೆಗೆ ಸಾಗಿ, ಅಲ್ಲಿಂದ ಕಡಲ ಬದಿಗೆ ತಿರುಗಿ, ದೊಡ್ಡದೊಂದು ಸುತ್ತನ್ನು ಸುತ್ತಿಯೇ ಆ ಊರನ್ನು ಸೇರಬೇಕು. ಕಣ್ಣಿಗೆ ಹತ್ತಿರವಾದುದು ಕಾಲಿಗೆ ದೂರವೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆಯನ್ನು ನಾನು ಕಾಣೆ.

ಈ ಸುತ್ತಿಗೆ ಕಾರಣ ಅಲ್ಲಿಯ ನೀರು. ಸೌಪರ್ಣಿಕಾ, ವಾರಾಹಿ, ಚಕ್ರಾ, ಕುಬ್ಜಾ, ಖೇಟಾ ಎಂಬ ಐದು ಹೊಳೆಗಳು ಇಲ್ಲಿ ಒಟ್ಟುಗೂಡಿ ಪಂಚಗಂಗಾವಳಿಯೆಂಬ ಹೆಸರನ್ನು ತಾಳಿ ಪಶ್ಚಿಮ ಸಮುದ್ರವನ್ನು ಸೇರುತ್ತವೆ. ಸುಪರ್ಣನೆಂದರೆ ಗರುಡ, ಕುಬ್ಜೆಯೆಂದರೆ ಗೂನಿ. ಆಕಾಶದಲ್ಲಿ ಹಾರುವವನ ಹೆಸರಿನ ಹೊಳೆಯೂ ಬೆನ್ನು ಬಗ್ಗಿದವಳ ಹೆಸರಿನ ಹೊಳೆಯೂ ಒಂದೇ ಬಾಗಿಲಿನಿಂದ ಕಡಲಿಗೆ ಹೊರಡುವುದನ್ನು ಕಂಡಾಗ ಹೆಸರಿಟ್ಟ ಹಿರಿಯರ ಮನಸ್ಸಿನಲ್ಲಿ ಏನಿದ್ದಿತೋ ಎಂದು ನಾನು ಅನೇಕ ಸಲ ಯೋಚಿಸಿದ್ದುಂಟು. ಆ ಬಾಗಿಲಿಗೆ ಕರಾವಳಿಯವರು ಅಳಿವೆಯೆನ್ನುತ್ತಾರೆ. ಹೊಳೆಯು ಹೊತ್ತು ತಂದ ಮರಳೂ ಕಡಲು ಒತ್ತಿ ತಂದ ಮರಳೂ ಅಲ್ಲಿ ದಿಬ್ಬವಾಗಿ ನಿಲ್ಲುತ್ತವೆ. ಇಳಿತದ ಹೊತ್ತಿಗೆ ಒಳಗಿನ ನೀರು ರಭಸದಿಂದ ಹೊರಕ್ಕೆ ಹರಿಯುವಾಗ ಹೊರಗಿನ ತೆರೆ ಅದಕ್ಕೆ ಎದುರಾಗಿ ಬಂದರೆ ತೆರೆಯ ತಲೆ ಎತ್ತರವಾಗಿ ಎದ್ದು ಮುರಿಯುತ್ತದೆ. ಮೀನುಗಾರನಿಗೆ ನಡುಗಡಲಿನ ಭಯಕ್ಕಿಂತ ಮನೆಯ ಹೊಸ್ತಿಲಿನಂತಿರುವ ಈ ಅಳಿವೆಯ ಭಯವೇ ಹೆಚ್ಚು.

೨೦೨೪ರ ಜೂನ್ ತಿಂಗಳ ಕೊನೆಯ ವಾರದಲ್ಲಿ, ಜ್ಯೇಷ್ಠ ಬಹುಳದ ಮಳೆ ಬಿಡದೆ ಸುರಿಯುತ್ತಿದ್ದಾಗ, ನಾನು ಗಂಗೊಳ್ಳಿಗೆ ಹೋದುದಕ್ಕೆ ಕಾರಣನಾದವನು ನನ್ನ ಹಳೆಯ ಶಿಷ್ಯನೊಬ್ಬ. ಶಾಲೆಯಲ್ಲಿ ಅವನು ದಡ್ಡನಾಗಿರಲಿಲ್ಲ. ಆದರೆ ಸಂಸ್ಕೃತವು ಅವನಿಗೆ ಒಗ್ಗಲಿಲ್ಲ. ದೋಣಿಯವರ ಮನೆಯ ಹುಡುಗನಾಗಿಯೂ ದೋಣಿಯೆಂಬ ಅರ್ಥದ ‘ನೌ’ ಶಬ್ದದ ರೂಪಗಳನ್ನು ಅವನಿಂದ ಹೇಳಿಸಲಾರದೆ ನಾನು ಅವನಿಗೆ ಅದನ್ನು ಇಪ್ಪತ್ತು ಸಲ ಬರೆಯುವ ಶಿಕ್ಷೆಯನ್ನು ವಿಧಿಸಿದ್ದೆನು. ಈಗ ಅವನಿಗೆ ನಲವತ್ತು ಕಳೆದಿದೆ. ತಂದೆ ಬಿಟ್ಟುಹೋದ ಮರದ ಮೋಟಾರು ದೋಣಿಯೊಂದಕ್ಕೆ ತಮ್ಮನೊಡನೆ ಪಾಲುಗಾರ. ದೋಣಿಯ ಎಂಜಿನು ಮುಪ್ಪಾಗಿದೆ, ಬದಲಾಯಿಸಬೇಕು, ನೀವು ಒಮ್ಮೆ ಬಂದುಹೋಗಬೇಕು ಎಂದು ಅವನು ಹೇಳಿಕಳುಹಿಸಿದಾಗ ನನಗೆ ನಗು ಬಂದಿತು. ಶಬ್ದಮಂಜರಿಯನ್ನು ಕಲಿಸಿದವನಿಗೆ ಎಂಜಿನಿನ ಗೊಡವೆಯೇನು? ಆದರೆ ಅಲ್ಲಿಗೆ ಹೋದಮೇಲೆ ತಿಳಿಯಿತು, ಅವನಿಗೆ ಬೇಕಾಗಿದ್ದುದು ಯಂತ್ರ ಬಲ್ಲವನಲ್ಲ. ಅಣ್ಣತಮ್ಮಂದಿರ ನಡುವೆ ಕುಳಿತುಕೊಳ್ಳಬಲ್ಲ ಮೂರನೆಯ ಮುದುಕ.

ಜೂನ್ ೧ರಿಂದ ಜುಲೈ ೩೧ರ ವರೆಗೆ ೬೧ ದಿನ ಯಂತ್ರದ ದೋಣಿಗಳು ಕಡಲಿಗೆ ಇಳಿಯಕೂಡದೆಂಬ ನಿಯಮವು ನಮ್ಮ ಕರಾವಳಿಯಲ್ಲಿ ಜಾರಿಯಲ್ಲಿದೆ. ಮೀನು ಮರಿಮಾಡುವ ಕಾಲವೆಂಬುದು ಒಂದು ಕಾರಣ. ಮಳೆಗಾಲದ ಕಡಲು ಯಾರ ಮಾತನ್ನೂ ಕೇಳುವುದಿಲ್ಲವೆಂಬುದು ಇನ್ನೊಂದು. ದೋಣಿಗಳ ಚಿಕಿತ್ಸೆಯೆಲ್ಲ ಈ ಎರಡು ತಿಂಗಳುಗಳಲ್ಲಿಯೇ ನಡೆಯಬೇಕು. ಆದುದರಿಂದ ನಾನು ಹೋದಾಗ ದಡವು ಆಸ್ಪತ್ರೆಯ ಹಜಾರದಂತಿದ್ದಿತು. ತೆಂಗಿನ ಗರಿಯ ಚಪ್ಪರಗಳ ಕೆಳಗೆ, ತಾಡಪಾಲಿನ ಕೆಳಗೆ, ದೊಡ್ಡ ಚಿಕ್ಕ ದೋಣಿಗಳು ಮರದ ಊರೆಗಳ ಮೇಲೆ ಮಲಗಿದ್ದುವು. ಎಲ್ಲಿ ನೋಡಿದರೂ ಉಳಿಯ ಸದ್ದು, ಬಣ್ಣದ ವಾಸನೆ, ಕಬ್ಬಿಣವನ್ನು ಬೆಸೆಯುವ ನೀಲಿ ಬೆಳಕು. ೨೦೨೩ರ ನವೆಂಬರಿನಲ್ಲಿ ಇದೇ ಗಂಗೊಳ್ಳಿಯ ದಡದಲ್ಲಿ ನಿಂತಿದ್ದ ಹಲವು ದೋಣಿಗಳು ಬೆಂಕಿಗೆ ಆಹುತಿಯಾದುವು. ಬೆಸೆಯುವ ಕೆಲಸಕ್ಕೆ ಮೊದಲು ಡೀಸೆಲ್ ತೊಟ್ಟಿಯನ್ನು ಬರಿದು ಮಾಡಿ, ಪಕ್ಕದಲ್ಲಿ ಮರಳಿನ ಬಕೀಟುಗಳನ್ನು ಇರಿಸಿಕೊಳ್ಳುವುದನ್ನು ನನ್ನ ಶಿಷ್ಯನು ಯಾರೂ ಹೇಳದೆ ಮಾಡುತ್ತಿದ್ದನು.

ದೋಣಿಯ ಉದ್ದ ಸುಮಾರು ೪೦ ಅಡಿ; ನೀರಿನಲ್ಲಿ ಮುಳುಗುವ ಗೆರೆಯಲ್ಲಿ ಅಳೆದರೆ ೩೬. ಹಲಗೆಗಳು ಹೆಬ್ಬಲಸಿನವು. ಘಟ್ಟದ ಕಾಡಿನ ಈ ಮರವು ಉಪ್ಪುನೀರನ್ನು ಚೆನ್ನಾಗಿ ತಾಳುವುದರಿಂದ ಪಶ್ಚಿಮ ಕರಾವಳಿಯ ದೋಣಿಗಳಿಗೆ ಬಹುಕಾಲದಿಂದ ಮೆಚ್ಚಿನದು. ಎಂಜಿನು ಮಾತ್ರ ಕುಲೀನವಲ್ಲ. ಲಾರಿಗಾಗಿ ಹುಟ್ಟಿ, ಸಮುದ್ರದ ಉಪಯೋಗಕ್ಕೆ ತಕ್ಕಂತೆ ಮಾರ್ಪಾಡಾಗಿ, ಇನ್ನೊಬ್ಬರ ದೋಣಿಯಲ್ಲಿ ದುಡಿದು, ಬಳಿಕ ಇಲ್ಲಿಗೆ ಬಂದುದು. ನಮ್ಮ ಕರಾವಳಿಯ ಅನೇಕ ದೋಣಿಗಳ ಒಡಲಿನಲ್ಲಿ ಇಂತಹ ಲಾರಿಯ ಹೃದಯಗಳೇ ಬಡಿಯುತ್ತಿವೆ.

ಭಾರತದ ಮೀನುಗಾರರ ದೋಣಿಗಳಿಗೆ ಯಂತ್ರ ಬಂದುದು ಬಹಳ ಹಿಂದಿನ ಮಾತಲ್ಲ. ೧೯೫೨ರಲ್ಲಿ ನಾರ್ವೆ ದೇಶದೊಡನೆ ಆದ ಒಪ್ಪಂದದ ಮೇರೆಗೆ ೧೯೫೩ರಿಂದ ಕೊಲ್ಲಂ ಬಳಿಯ ನೀಂಡಕರದಲ್ಲಿ ಸಣ್ಣ ದೋಣಿಗಳಿಗೆ ಎಂಜಿನು ಕೂಡಿಸುವ ಕೆಲಸ ಆರಂಭವಾಯಿತು. ೧೯೬೩ರ ಬಳಿಕ ಆ ಯೋಜನೆಯ ಶಾಖೆಯೊಂದು ನಮ್ಮ ಕಾರವಾರಕ್ಕೂ ಬಂದಿತು. ಅದಕ್ಕೆ ಮೊದಲು ಹಾಯಿ ಮತ್ತು ಹುಟ್ಟು, ಅವೆರಡೂ ಸೋತಲ್ಲಿ ತೋಳು. ಶಿಷ್ಯನ ಅಜ್ಜನು ಎಂಜಿನನ್ನು ಕಂಡರೂ ನಂಬದೆ ತೀರಿಹೋದವನಂತೆ.

ಡೀಸೆಲ್ ಯಂತ್ರದ ಮರ್ಮವನ್ನು ಗೃಹಸ್ಥರಾದ ವಾಚಕರಿಗೆ ಎರಡು ಮಾತಿನಲ್ಲಿ ಹೇಳಬಹುದು. ಅದರಲ್ಲಿ ಕಿಡಿ ಹಾರಿಸುವ ಉಪಕರಣವಿಲ್ಲ. ಸಿಲಿಂಡರಿನೊಳಗಿನ ಗಾಳಿಯನ್ನು ಪಿಸ್ಟನ್ನು ಬಲವಾಗಿ ಒತ್ತುತ್ತದೆ. ಒತ್ತಡದಿಂದಲೇ ಗಾಳಿ ಕೆಂಡದಂತೆ ಕಾಯುತ್ತದೆ. ಆ ಕಾವಿನೊಳಕ್ಕೆ ಸಿಂಪಡಿಸಿದ ಎಣ್ಣೆ ತಾನಾಗಿ ಹೊತ್ತಿಕೊಂಡು ಪಿಸ್ಟನ್ನನ್ನು ಹಿಂದಕ್ಕೆ ತಳ್ಳುತ್ತದೆ. ಪಿಸ್ಟನ್ನಿನ ಸುತ್ತಲಿನ ಉಂಗುರಗಳು ಸವೆದರೆ ಗಾಳಿ ಸಂದಿನಲ್ಲಿ ಜಾರುತ್ತದೆ, ಒತ್ತಡ ಕುಂದುತ್ತದೆ, ಕಾವು ಸಾಲದು. ಆಗ ಬೆಳಗ್ಗೆ ಎಂಜಿನು ಏಳಲೊಲ್ಲದು. ಎದ್ದರೂ ತನ್ನ ಮೈಗೆ ಸವರಿದ ಎಣ್ಣೆಯನ್ನೇ ಸುಟ್ಟುಕೊಂಡು ನೀಲಿ ಹೊಗೆಯನ್ನು ಉಗುಳುತ್ತದೆ. ಈ ಯಂತ್ರವನ್ನು ಕಂಡುಹಿಡಿದ ರುಡಾಲ್ಫ್ ಡೀಸೆಲನು ೧೯೧೩ರ ಸೆಪ್ಟೆಂಬರಿನಲ್ಲಿ ಇಂಗ್ಲೆಂಡಿಗೆ ಹೋಗುವ ಹಡಗಿನಿಂದ ರಾತ್ರಿಯ ಹೊತ್ತು ಕಾಣೆಯಾದನು. ಲೋಕದ ದೋಣಿಗಳಿಗೆಲ್ಲ ಉಸಿರು ಕೊಟ್ಟವನು ಸಮುದ್ರದಲ್ಲಿಯೇ ಇಲ್ಲವಾದ ಈ ಸಂಗತಿಯನ್ನು ನಾನು ಹೇಳಿದಾಗ ದಡದಲ್ಲಿದ್ದ ಮೆಕ್ಯಾನಿಕ್ಕನು ಕೈಯಲ್ಲಿದ್ದ ಸ್ಪ್ಯಾನರನ್ನು ಕೆಳಗಿಟ್ಟು ಸ್ವಲ್ಪ ಹೊತ್ತು ಸುಮ್ಮನಿದ್ದನು.

ಆ ವರ್ಷದ ಏಪ್ರಿಲಿನಲ್ಲಿ ನಡೆದುದನ್ನು ಶಿಷ್ಯನು ನನಗೆ ಚಪ್ಪರದ ಕೆಳಗೆ ಕುಳಿತು ಹೇಳಿದನು. ಮೀನು ತುಂಬಿಕೊಂಡು ಇಳಿತದ ಹೊತ್ತಿನಲ್ಲಿ ಅಳಿವೆಯ ಬಾಯಿಗೆ ಬಂದಾಗ ಎಂಜಿನು ಎರಡು ಸಲ ಕೆಮ್ಮಿ ನಿಂತುಹೋಯಿತು. ದೋಣಿಯು ತೆರೆಗೆ ಅಡ್ಡವಾಗಿ ತಿರುಗಿತು. ಒಂದು ತೆರೆ ಅಂಚಿನ ಮೇಲಿಂದ ಒಳಕ್ಕೆ ಬಂದು ಮೀನಿನ ಪೆಟ್ಟಿಗೆಗಳನ್ನು ಎತ್ತಿಕೊಂಡು ಹೋಯಿತು. ಲಂಗರು ಮರಳಿನಲ್ಲಿ ಕಚ್ಚಿತು. ಹಿಂದಿನಿಂದ ಬಂದ ದೋಣಿಯವರು ಹಗ್ಗವೆಸೆದರು. ಒಳಗಿದ್ದವರು ಏಳು ಜನ. ಅವರಲ್ಲಿ ಒಬ್ಬನಿಗೆ ಹತ್ತೊಂಬತ್ತು ವರ್ಷ, ಹೊಸದಾಗಿ ಕೆಲಸಕ್ಕೆ ಸೇರಿದವನು. “ಆ ಹುಡುಗನ ತಾಯಿ ಸಂಜೆ ಮನೆಗೆ ಬಂದಳು, ಮೇಷ್ಟ್ರೇ. ಬೈಯಲಿಲ್ಲ. ಎಂಜಿನು ಯಾವಾಗ ಬದಲಿಸುತ್ತೀರಿ ಎಂದು ಮಾತ್ರ ಕೇಳಿದಳು” ಎಂದನು. ಶಿಷ್ಯನ ಹೆಂಡತಿಯ ಬಳೆಗಳು ಬ್ಯಾಂಕನ್ನು ಸೇರಿದುದು ಅದಾದ ಮೂರನೆಯ ದಿನ.

ಇಷ್ಟರ ಮೇಲೆ ಬದಲಾಯಿಸಬೇಕೋ ಬೇಡವೋ ಎಂಬ ಚರ್ಚೆಗೆ ಎಡೆಯಿರಲಿಲ್ಲ. ವಿವಾದವಿದ್ದುದು ಎಂತಹ ಎಂಜಿನು ಎಂಬುದರಲ್ಲಿ. ಹಳೆಯದರ ಬಲ ಸುಮಾರು ೯೦ ಅಶ್ವಶಕ್ತಿ. ತಮ್ಮನು ೧೮೦ರದನ್ನೇ ತರಬೇಕೆಂದು ಹಟ ಹಿಡಿದಿದ್ದನು. ಬಲ ಇಮ್ಮಡಿಯಾದರೆ ವೇಗ ಇಮ್ಮಡಿಯಾಗದಿದ್ದರೂ ಒಂದೂವರೆಯಷ್ಟಾದರೂ ಆಗಬೇಡವೇ, ಮೊದಲು ದಡ ಸೇರಿದವನ ಮೀನಿಗಲ್ಲವೇ ಬೆಲೆ, ಎಂದು ಅವನ ವಾದ. ವಾದದಲ್ಲಿ ಹುರುಳಿಲ್ಲದೆ ಇರಲಿಲ್ಲ. ಅಣ್ಣನು ಹಣದ ಲೆಕ್ಕ ಹೇಳುತ್ತಿದ್ದನು. ಮುಪ್ಪಿನ ಆಚಾರಿಯೊಬ್ಬನು, ದೋಣಿಯನ್ನು ಕಟ್ಟಿದವರಲ್ಲಿ ಉಳಿದಿದ್ದವನು ಅವನೊಬ್ಬನೇ, ಇಬ್ಬರ ಮಾತಿಗೂ ಕಿವಿಗೊಡದೆ ಮರದ ಕೊಡತಿಯಿಂದ ದೋಣಿಯ ಪಕ್ಕೆಗಳನ್ನು ಒಂದೊಂದಾಗಿ ತಟ್ಟಿ ಕೇಳುತ್ತಿದ್ದನು. ವೈದ್ಯನು ಎದೆಯ ಮೇಲೆ ಬೆರಳಿಟ್ಟು ತಟ್ಟುವಂತೆಯೇ. ಗಟ್ಟಿ ಮರ ಟಣ್ಣೆನ್ನುತ್ತದೆ; ಕೆಟ್ಟದ್ದು ದೊಬ್ಬೆನ್ನುತ್ತದೆ.

ಅವನು ದೋಷವನ್ನು ಕಂಡುಹಿಡಿದುದು ಹಲಗೆಯ ನಡುವಿನಲ್ಲಲ್ಲ. ಎಂಜಿನನ್ನು ಬಿಗಿದ ಕಬ್ಬಿಣದ ಬೋಲ್ಟುಗಳ ಸುತ್ತ. ಅಲ್ಲಿ ಮರವು ಕಾಡಿಗೆಯಂತೆ ಕಪ್ಪಾಗಿ, ಉಗುರಿನಿಂದ ಕೆರೆದರೆ ಪುಡಿಯಾಗಿ ಬರುತ್ತಿದ್ದಿತು. ನನಗೆ ತಟ್ಟನೆ ಭೋಜರಾಜನ ಹೆಸರಿನಲ್ಲಿರುವ ಯುಕ್ತಿಕಲ್ಪತರುವಿನ ನೆನಪಾಯಿತು. ದೋಣಿ ಹಡಗುಗಳ ಲಕ್ಷಣವನ್ನು ಹೇಳುವ ಆ ಗ್ರಂಥವು ಸಮುದ್ರಯಾನದ ನೌಕೆಗಳ ಹಲಗೆಗಳನ್ನು ಕಬ್ಬಿಣದಿಂದ ಬಂಧಿಸಬಾರದೆಂದು ನಿಷೇಧಿಸುತ್ತದೆ. ಕಡಲಿನೊಳಗಿನ ಅಯಸ್ಕಾಂತದ ಬಂಡೆಗಳು ಕಬ್ಬಿಣವನ್ನು ಸೆಳೆದುಕೊಂಡುಬಿಡುತ್ತವೆಂಬುದು ಅಲ್ಲಿ ಹೇಳಿದ ಕಾರಣ. ವಿದ್ಯಾರ್ಥಿದೆಶೆಯಲ್ಲಿ ನಾನು ಇದನ್ನು ಓದಿ ನಕ್ಕಿದ್ದೆನು. ಕಾರಣವು ಕಟ್ಟುಕಥೆಯೇ ಸರಿ. ಆದರೆ ಉಪ್ಪುನೀರಿನಲ್ಲಿ ಕಬ್ಬಿಣವು ತುಕ್ಕು ಹಿಡಿಯುವಾಗ ತನ್ನನ್ನು ಅಪ್ಪಿದ ಮರವನ್ನೂ ಕೆಡಿಸುತ್ತದೆಂಬುದು ಸತ್ಯವಾದ ಮಾತು. ಆಚಾರಿಗೆ ಈ ಗ್ರಂಥದ ವಿಷಯವನ್ನು ಹೇಳಿದೆನು. “ಹೌದೇ? ನಮ್ಮ ಅಪ್ಪನೂ ಹಾಗೆಯೇ ಹೇಳುತ್ತಿದ್ದ. ಬಂಡೆಯ ಸುದ್ದಿ ಮಾತ್ರ ಹೇಳಲಿಲ್ಲ” ಎಂದು ಅವನು ತನ್ನ ಕೆಲಸಕ್ಕೆ ತಿರುಗಿದನು.

ತಮ್ಮನ ವಾದಕ್ಕೆ ಉತ್ತರ ಕೊಡುವ ಭಾರ ನನ್ನ ಮೇಲೆ ಬಿದ್ದಿತು. ಹತ್ತೊಂಬತ್ತನೆಯ ಶತಮಾನದಲ್ಲಿ ವಿಲಿಯಂ ಫ್ರೌಡ್ ಎಂಬ ಇಂಗ್ಲೆಂಡಿನ ಎಂಜಿನಿಯರನು ಟಾರ್ಕಿಯಲ್ಲಿ ನೀರಿನ ಉದ್ದನೆಯ ತೊಟ್ಟಿಯೊಂದನ್ನು ಕಟ್ಟಿ, ಮೇಣದಿಂದ ಮಾಡಿದ ಮಾದರಿ ಹಡಗುಗಳನ್ನು ಅದರಲ್ಲಿ ಎಳೆದು, ತೆರೆ ಮತ್ತು ವೇಗಗಳ ಸಂಬಂಧವನ್ನು ಶೋಧಿಸಿದನು. ನೀರನ್ನು ಸೀಳಿಕೊಂಡು ಸಾಗುವ ದೋಣಿಯು ತನ್ನ ತೆರೆಯನ್ನು ತಾನೇ ಎಬ್ಬಿಸುತ್ತದೆ. ವೇಗ ಹೆಚ್ಚಿದಂತೆ ತೆರೆಯೂ ಉದ್ದವಾಗುತ್ತದೆ. ತೆರೆಯ ಉದ್ದವು ದೋಣಿಯ ಉದ್ದಕ್ಕೆ ಸಮವಾದಾಗ ದೋಣಿಯು ತಾನು ಎಬ್ಬಿಸಿದ ಗುಡ್ಡವನ್ನೇ ತಾನು ಹತ್ತಬೇಕಾಗುತ್ತದೆ. ಅಲ್ಲಿಂದ ಮುಂದೆ ಸುರಿದ ಎಣ್ಣೆಯೆಲ್ಲ ಹೊಗೆ ಮತ್ತು ನೊರೆ. ಲೆಕ್ಕವೂ ಸುಲಭ: ನೀರಿನ ಗೆರೆಯ ಉದ್ದವನ್ನು ಅಡಿಗಳಲ್ಲಿ ಹಿಡಿದು, ಅದರ ವರ್ಗಮೂಲವನ್ನು ಒಂದೂ ಮೂರನೆಯ ಒಂದರಿಂದ ಗುಣಿಸಿದರೆ ಸ್ಥೂಲವಾಗಿ ಆ ದೋಣಿಯ ವೇಗದ ಮೇರೆ ದೊರೆಯುತ್ತದೆ, ನಾಟುಗಳಲ್ಲಿ. ೩೬ರ ವರ್ಗಮೂಲ ೬, ಗುಣಿಸಿದರೆ ೮. ಎಂದರೆ ಗಂಟೆಗೆ ಸುಮಾರು ೧೫ ಕಿಲೋಮೀಟರು. ಇದನ್ನು ನಾನು ಎಲೆಯಡಕೆ ಕಟ್ಟಿಕೊಂಡು ಬಂದಿದ್ದ ಕಾಗದದ ಹಿಂಬದಿಯಲ್ಲಿ ಬರೆದು ತೋರಿಸಿ, ಹಳೆಯ ಎಂಜಿನು ತಾರುಣ್ಯದಲ್ಲಿ ಎಷ್ಟು ಓಡಿಸುತ್ತಿದ್ದಿತು ಎಂದು ಕೇಳಿದೆನು. “ಏಳೂವರೆ, ಎಂಟು” ಎಂದನು ಅಣ್ಣ.

ತಮ್ಮನು ಸುಲಭವಾಗಿ ಒಪ್ಪುವವನಲ್ಲ. “ಬರಿಯ ಓಟಕ್ಕೆ ಸರಿ. ಬಲೆ ಎಳೆಯುವಾಗ?” ಎಂದನು. ಮೆಕ್ಯಾನಿಕ್ಕನು ತಲೆದೂಗಿದನು, ನನ್ನ ಲೆಕ್ಕದಲ್ಲಿ ಆ ಪ್ರಶ್ನೆಗೆ ಉತ್ತರವಿರಲಿಲ್ಲ. ಬಲೆ ಎಳೆಯುವ ದೋಣಿ ಮೆಲ್ಲಗೆ ನಡೆಯುತ್ತದೆ; ಅದಕ್ಕೆ ಬೇಕಾದುದು ವೇಗವಲ್ಲ, ಒತ್ತು. ಆ ಒತ್ತು ಹುಟ್ಟುವುದು ಎಂಜಿನಿನ ಬಲದಿಂದ ಮಾತ್ರವಲ್ಲ. ದೊಡ್ಡ ಪ್ರೊಪೆಲ್ಲರನ್ನು ನಿಧಾನವಾಗಿ ತಿರುಗಿಸುವುದರಿಂದ, ಎಂದು ಮೆಕ್ಯಾನಿಕ್ಕನೇ ವಿವರಿಸಿದನು. ಸಣ್ಣ ಬೀಸಣಿಗೆಯನ್ನು ಪಟಪಟನೆ ಬಡಿಯುವುದಕ್ಕೂ ದೊಡ್ಡ ಮೊರದಿಂದ ಒಮ್ಮೆ ಬೀಸುವುದಕ್ಕೂ ಇರುವ ವ್ಯತ್ಯಾಸ ಗೃಹಿಣಿಯರಿಗೆ ಗೊತ್ತು. ಹಳೆಯ ಎಂಜಿನು ನಿಮಿಷಕ್ಕೆ ೨೦೦೦ ಸುತ್ತು ತಿರುಗಿ, ಗೇರುಪೆಟ್ಟಿಗೆಯಲ್ಲಿ ಅರ್ಧವಾಗಿ, ಪ್ರೊಪೆಲ್ಲರಿಗೆ ೧೦೦೦ ಸುತ್ತು ಮುಟ್ಟುತ್ತಿದ್ದಿತು. ಹೊಸ ಎಂಜಿನಿನ ಸುತ್ತು ೨೪೦೦. ಹಳೆಯ ಪೆಟ್ಟಿಗೆಯನ್ನೇ ಉಳಿಸಿಕೊಂಡರೆ ೧೨೦೦ ಆಗಿ ಎಂಜಿನಿನ ಉಸಿರು ಕಟ್ಟುತ್ತದೆ, ಕಪ್ಪು ಹೊಗೆ ಬರುತ್ತದೆ. ಮೂರರಲ್ಲಿ ಒಂದಾಗಿಸುವ ಪೆಟ್ಟಿಗೆಯನ್ನು ಕೂಡಿಸಿದರೆ ೮೦೦. ಆಗ ಅಗಲವಾದ ಪ್ರೊಪೆಲ್ಲರನ್ನು ಹಾಕಬಹುದು. ಆಚಾರಿಯು ದಾರ ಹಿಡಿದು, ದೋಣಿಯ ಹಿಂಗಾಲಿನಲ್ಲಿ ಅದಕ್ಕೆ ಎಷ್ಟು ತೆರಪಿದೆಯೆಂದು ಅಳೆದನು. ಕೊನೆಗೆ ೧೧೦ ಅಶ್ವಶಕ್ತಿಯ ಎಂಜಿನು, ಮೂರಕ್ಕೊಂದರ ಗೇರು, ಹೊಸ ಕಂಚಿನ ಪ್ರೊಪೆಲ್ಲರು ಎಂದು ನಿಶ್ಚಯವಾಯಿತು. ಉಳಿದ ಹಣದಲ್ಲಿ ಎಂಜಿನಿನ ಪೀಠವನ್ನು ಹೊಸದಾಗಿ ಮಾಡಿಸುವುದು. ತಮ್ಮನು ಎದ್ದು ಹೋಗಿ ಬೀಡಿ ಹಚ್ಚಿದನು. ಆದರೆ ಮರುದಿನ ಹಗ್ಗ ಎಳೆಯಲು ಎಲ್ಲರಿಗಿಂತ ಮೊದಲು ಬಂದವನು ಅವನೇ.

ಹಳೆಯ ಎಂಜಿನನ್ನು ಹೊರತೆಗೆದುದು ಅರ್ಧ ದಿನದ ಕೆಲಸ. ಮೊದಲು ಆಚಾರಿಯು ನೀರಿನ ಹಳೆಯ ಗೆರೆಯನ್ನು ದೋಣಿಯ ಮೈಮೇಲೆ ಮುಂದೆಯೂ ಹಿಂದೆಯೂ ಮೊಳೆಯಿಂದ ಗುರುತು ಮಾಡಿದನು. ಮೇಲ್ಮಾಡಿನ ಹಲಗೆಗಳನ್ನು ಬಿಚ್ಚಿ, ಮೂರು ದಪ್ಪ ಮರಗಳ ಮುಕ್ಕಾಲಿಯನ್ನು ನಿಲ್ಲಿಸಿ, ಸರಪಣಿಯ ರಾಟೆಯಿಂದ ಬೆರಳು ಬೆರಳಾಗಿ ಎತ್ತಿದರು. ಅದು ನೆಲಕ್ಕೆ ಇಳಿದಾಗ ಯಾರೂ ಮಾತಾಡಲಿಲ್ಲ. ಜೀರ್ಣವಾದ ದೇಹವನ್ನು ತೊರೆದು ಪ್ರಾಣವು ಹೊಸ ದೇಹವನ್ನು ತೊಡುವುದೆಂದು ನಾವು ಓದಿದ್ದೇವೆ. ಇಲ್ಲಿ ಹಳೆಯ ದೇಹವು ತಾನು ಉಳಿದು ಪ್ರಾಣವನ್ನು ಬದಲಾಯಿಸಿಕೊಳ್ಳುತ್ತಿದೆಯಲ್ಲಾ ಎಂದುಕೊಂಡೆನು.

ಬರಿದಾದ ತಳದಲ್ಲಿ ಎಷ್ಟೋ ವರ್ಷಗಳ ಎಣ್ಣೆ ಕೆಸರು. ಅದನ್ನು ಬಳಿಯುತ್ತಿದ್ದ ಹುಡುಗನ ಕೈಗೆ ಕೆಲವು ನಾಣ್ಯಗಳು, ಒಂದು ಬಾಚಣಿಗೆ, ಮತ್ತು ಒಂದು ದೊಡ್ಡ ಸ್ಪ್ಯಾನರು ಸಿಕ್ಕಿದುವು. ಸ್ಪ್ಯಾನರನ್ನು ನೋಡಿದೊಡನೆ ನನ್ನ ಶಿಷ್ಯನ ಮುಖ ಬದಲಾಯಿತು. ಅವನ ತಂದೆಯ ಕಾಲದಲ್ಲಿ ಅದು ಕಾಣೆಯಾದುದಕ್ಕಾಗಿ ಕೆಲಸಗಾರನೊಬ್ಬನನ್ನು ಕಳ್ಳನೆಂದು ಹೆಸರಿಟ್ಟು ದೋಣಿಯಿಂದ ಇಳಿಸಿಬಿಟ್ಟಿದ್ದರಂತೆ. ಎಂಜಿನಿನ ಅಡಿಯಲ್ಲಿ, ಕೈ ಹೋಗದ ಸಂದಿನಲ್ಲಿ, ಅದು ಇಷ್ಟು ಕಾಲ ಬಿದ್ದಿದ್ದಿತು. ಶಿಷ್ಯನು ಅದನ್ನು ಸೀಮೆಎಣ್ಣೆಯಲ್ಲಿ ತೊಳೆದು, ಬಟ್ಟೆಯಲ್ಲಿ ಸುತ್ತಿ, ಸಂಜೆ ಸ್ಕೂಟರಿನಲ್ಲಿ ಎಲ್ಲಿಗೋ ಹೋದನು. ಹಿಂದಿರುಗಿದಾಗ ಕೈಯಲ್ಲಿ ಬಟ್ಟೆಯ ಗಂಟಿರಲಿಲ್ಲ. ನಾನು ಕೇಳಲಿಲ್ಲ, ಅವನು ಹೇಳಲಿಲ್ಲ.

ಪೀಠದ ವಿಷಯವನ್ನು ಸ್ವಲ್ಪ ಹೇಳಬೇಕು. ದೋಣಿಯನ್ನು ಮುಂದಕ್ಕೆ ನೂಕುವುದು ಪ್ರೊಪೆಲ್ಲರು ಎಂದು ನಾವು ತಿಳಿಯುತ್ತೇವೆ. ಆದರೆ ಪ್ರೊಪೆಲ್ಲರು ಒತ್ತುವುದು ಶಾಫ್ಟನ್ನು. ಶಾಫ್ಟು ಒತ್ತುವುದು ಗೇರುಪೆಟ್ಟಿಗೆಯನ್ನು. ಅದು ಎಂಜಿನಿನ ಕಾಲುಗಳ ಮೂಲಕ ಪೀಠವನ್ನು ಒತ್ತುತ್ತದೆ. ಪೀಠದ ಉದ್ದನೆಯ ತೊಲೆಗಳು ಆ ಒತ್ತನ್ನು ದೋಣಿಯ ಮೈಗೆಲ್ಲ ಹಂಚುತ್ತವೆ. ಪೀಠ ಕೊಳೆತಿದ್ದರೆ ಎಂಜಿನು ದೋಣಿಯನ್ನು ಸಾಗಿಸುವ ಬದಲು ಮರವನ್ನು ಕಿತ್ತುಕೊಂಡು ಹೋದೀತು. ಹೊಸ ಎಂಜಿನಿನ ಕಾಲುಗಳ ಅಂತರ ಹಳೆಯದಕ್ಕಿಂತ ಕಿರಿದಾಗಿದ್ದುದರಿಂದ ಹಳೆಯ ತೊಲೆಗಳನ್ನು ಕಡಿದು ಹೊಂದಿಸಬಹುದೆಂದು ಮೆಕ್ಯಾನಿಕ್ಕನು ಸೂಚಿಸಿದನು. ಆಚಾರಿಗೆ ಕೋಪ ಬಂದಿತು. “ಬೆನ್ನೆಲುಬನ್ನು ಕಡಿದು ಬಟ್ಟೆ ಹೊಲಿಯುತ್ತೀಯಾ?” ಎಂದನು. ಕೊಳೆತುದನ್ನೆಲ್ಲ ತೆಗೆದು, ಹೊಸ ತೊಲೆಗಳನ್ನು ಉದ್ದಕ್ಕೂ ಕೂಡಿಸಿ, ಒಳಬದಿಗೆ ಮತ್ತೊಂದು ಮರವನ್ನು ಜೋಡಿಸಲು ಅವನಿಗೆ ಹನ್ನೆರಡು ದಿನ ಹಿಡಿಯಿತು. ಅಷ್ಟು ದಿನ ನಾನು ಅಲ್ಲಿರಲಿಲ್ಲ. ಮಳೆಯಲ್ಲಿ ನೆನೆದು ಜ್ವರ ಬಂದು ಊರಿಗೆ ಮರಳಿದ್ದೆನು.

ಎರಡನೆಯ ಸಲ ಹೋದುದು ಜುಲೈ ತಿಂಗಳ ಕೊನೆಯಲ್ಲಿ. ದೋಣಿಯು ಆಗಲೇ ಹೊಳೆಯಲ್ಲಿ ತೇಲುತ್ತಿದ್ದಿತು. ಹೊಸ ಎಂಜಿನು ಹಳೆಯದಕ್ಕಿಂತ ಹಗುರವಾದುದರಿಂದ ಹಿಂಭಾಗವು ಮೊಳೆಯ ಗುರುತಿಗಿಂತ ಮೇಲೆದ್ದು ನಿಂತಿದ್ದಿತು. ತಳದಲ್ಲಿ ಭಾರದ ಕಲ್ಲುಗಳನ್ನು ಜೋಡಿಸಿ ಹದಕ್ಕೆ ತಂದರು. ಆಮೇಲೆ ಬಂದಿತು ನಿಜವಾದ ಪರೀಕ್ಷೆ.

ದಡದ ಮೇಲಿದ್ದಾಗ ಎಂಜಿನಿನ ಅಚ್ಚನ್ನೂ ಶಾಫ್ಟಿನ ಅಚ್ಚನ್ನೂ ಒಂದೇ ನೇರಕ್ಕೆ ಕೂಡಿಸಿದ್ದರು. ಆದರೆ ಮರದ ದೋಣಿಯು ದಡದಲ್ಲಿದ್ದಂತೆ ನೀರಿನಲ್ಲಿರುವುದಿಲ್ಲ. ಊರೆಗಳ ಮೇಲೆ ಅದು ಒಂದು ರೀತಿಯಲ್ಲಿ ಬಾಗಿರುತ್ತದೆ. ನೀರು ಎಲ್ಲ ಕಡೆಯಿಂದ ಎತ್ತಿಹಿಡಿದಾಗ ಇನ್ನೊಂದು ರೀತಿ. ಹಲಗೆಗಳೂ ನೀರು ಕುಡಿದು ಉಬ್ಬುತ್ತವೆ. ಆದುದರಿಂದ ನೀರಿಗೆ ಇಳಿಸಿದ ಮೇಲೆ ಒಂದೆರಡು ದಿನ ಬಿಟ್ಟು ಮತ್ತೆ ನೋಡಬೇಕು. ಎಂಜಿನಿನ ಕಡೆಯ ಕಬ್ಬಿಣದ ಫಲಕವೂ ಶಾಫ್ಟಿನ ಕಡೆಯ ಫಲಕವೂ ಮುಖಕ್ಕೆ ಮುಖ ಕೊಟ್ಟು ನಿಲ್ಲುವಲ್ಲಿ ತೆಳುವಾದ ಉಕ್ಕಿನ ಹಾಳೆಗಳನ್ನು ತೂರಿಸಿ ಸಂದನ್ನು ಅಳೆಯುತ್ತಾರೆ. ಫಲಕದ ಅಗಲ ಐದು ಅಂಗುಲವಾದರೆ ಮೇಲಿನ ಸಂದಿಗೂ ಕೆಳಗಿನ ಸಂದಿಗೂ ಅಂಗುಲದ ಐದು ಸಹಸ್ರಾಂಶಕ್ಕಿಂತ ಹೆಚ್ಚಿನ ಭೇದವಿರಬಾರದೆಂಬುದು ವಾಡಿಕೆಯ ನಿಯಮ. ತಲೆಗೂದಲ ದಪ್ಪವೂ ಅದಕ್ಕಿಂತ ಬಹಳ ಕಡಿಮೆಯೇನಲ್ಲ. ಅಳೆದಾಗ ಭೇದವು ಇಪ್ಪತ್ತರ ಮೇಲಿದ್ದಿತು.

ಆ ದಿನ ಜುಲೈ ೩೧. ಮರುದಿನದಿಂದ ಕಡಲು ತೆರೆಯುತ್ತದೆ. ಅಕ್ಕಪಕ್ಕದ ದೋಣಿಗಳಲ್ಲಿ ಐಸು ತುಂಬುತ್ತಿದ್ದರು. ಮೊದಲ ದಿನಗಳ ಮೀನಿನ ಆಸೆ ಎಂತಹುದೆಂದು ಎರಡು ತಿಂಗಳು ಸಂಪಾದನೆಯಿಲ್ಲದೆ ಕುಳಿತ ಮನೆಯವರನ್ನೇ ಕೇಳಬೇಕು. ಬೋಲ್ಟುಗಳನ್ನು ಬಿಗಿದರೆ ಫಲಕಗಳು ಕೂಡಿಕೊಳ್ಳುತ್ತವೆ, ಒಂದು ಸುತ್ತು ಹೋಗಿಬಂದು ಆಮೇಲೆ ಸರಿಪಡಿಸೋಣವೆಂದು ಮೆಕ್ಯಾನಿಕ್ಕನು ಹೇಳಿದನು. ಬಲದಿಂದ ಬಿಗಿದು ಕೂಡಿಸಿದ ಶಾಫ್ಟು ಪ್ರತಿ ಸುತ್ತಿಗೂ ಬಾಗುತ್ತದೆ, ನಡುಗುತ್ತದೆ, ಬೇರಿಂಗನ್ನು ತಿನ್ನುತ್ತದೆ. ಇದು ಅವನಿಗೆ ತಿಳಿಯದುದಲ್ಲ. ತಿಳಿದೂ ಹೇಳುವಂತೆ ಮಾಡುವುದು ಆ ದಿನದ ಗುಣ. ಶಿಷ್ಯನು ನನ್ನ ಕಡೆಗೆ ನೋಡಿದನು. ನಾನು ಮಾತಾಡಲಿಲ್ಲ, ಬಳೆಗಳು ನನ್ನ ಮನೆಯವಲ್ಲ. ಅವನು ತಮ್ಮನ ಕಡೆಗೆ ನೋಡಿದನು. ಆ ೧೮೦ರ ತಮ್ಮನು ಹೊಳೆಗೆ ಉಗುಳಿ, “ಅಳಿವೆಯಲ್ಲಿ ನಿಂತರೆ ಯಾರು ಹಗ್ಗ ಎಸೆಯುತ್ತಾರೆ? ಸರಿಮಾಡಿಯೇ ಹೋಗೋಣ” ಎಂದನು. ಮೂರು ದಿನ ಎಂಜಿನಿನ ಕಾಲಡಿಯಲ್ಲಿ ತಗಡುಗಳನ್ನು ಇಡುತ್ತ, ತೆಗೆಯುತ್ತ, ಅಳೆಯುತ್ತ ಕಳೆದುವು. ಬೇರೆ ದೋಣಿಗಳು ಹೋದುವು, ಬಂದುವು. ಮೂರನೆಯ ದಿನದ ಸಂಜೆಗೆ ಭೇದವು ನಾಲ್ಕಕ್ಕೆ ಇಳಿಯಿತು.

ಆಗಸ್ಟ್ ೪ರ ಬೆಳಗ್ಗೆ, ತುಂಬುನೀರಿನ ಹೊತ್ತು ನೋಡಿ, ಪರೀಕ್ಷೆಯ ಓಟಕ್ಕೆ ಹೊರಟೆವು. ಕಿತ್ತಳೆ ಬಣ್ಣದ ಜೀವರಕ್ಷಕ ಕವಚವನ್ನು ನನಗೆ ತೊಡಿಸಿ, ಕಂಬವೊಂದನ್ನು ಹಿಡಿದುಕೊಂಡು ಕೂಡುವಂತೆ ಅಪ್ಪಣೆ ಮಾಡಿದರು. ಎಂಜಿನು ಮೊದಲ ಪ್ರಯತ್ನಕ್ಕೇ ಎದ್ದಿತು. ಸ್ವಲ್ಪ ಬಿಳಿ ಹೊಗೆ ಬಂದು ನಿಂತು, ಆಮೇಲೆ ಕೊಳವೆಯ ಬಾಯಲ್ಲಿ ನೀರು ಮಾತ್ರ ಚಿಮ್ಮುತ್ತಿದ್ದಿತು. ಮೆಕ್ಯಾನಿಕ್ಕನು ಸುತ್ತು ತೋರಿಸುವ ಮುಳ್ಳನ್ನೇ ನೋಡುತ್ತಿದ್ದನು. ಪೂರ್ಣವೇಗ ಕೊಟ್ಟಾಗ ಮುಳ್ಳು ೨೪೦೦ನ್ನು ಮುಟ್ಟಬೇಕು. ಮುಟ್ಟದಿದ್ದರೆ ಪ್ರೊಪೆಲ್ಲರು ಅತಿಯಾಯಿತು, ಮೀರಿದರೆ ಸಾಲದಾಯಿತು. ಮುಳ್ಳು ೨೩೫೦ರ ಹತ್ತಿರ ನಿಂತಿತು. ಅವನು ಕೈಯೆತ್ತಿ ತೋರಿಸಿದನು.

ಅಳಿವೆ ಹತ್ತಿರವಾದಂತೆ ಮಾತು ಕಡಿಮೆಯಾಯಿತು. ಎಡಗಡೆ ಕೋಡಿಯ ತೀರ, ಬಲಗಡೆ ಗಂಗೊಳ್ಳಿಯ ತುದಿ. ನಡುವೆ ಹಸಿರು ನೀರು ಕಂದುಬಣ್ಣಕ್ಕೆ ತಿರುಗಿ ಕುದಿಯುತ್ತಿರುವಂತೆ ಕಾಣುತ್ತಿದ್ದಿತು. ಹತ್ತೊಂಬತ್ತರ ಆ ಹುಡುಗನು ಲಂಗರಿನ ಹಗ್ಗದ ಬಳಿಯಲ್ಲಿ ಯಾರೂ ಹೇಳದೆಯೇ ಹೋಗಿ ಕುಳಿತಿದ್ದನು. ಚುಕ್ಕಾಣಿಯಲ್ಲಿದ್ದ ನನ್ನ ಶಿಷ್ಯನು ಒಂದು ಕಡೆಗೆ ಗಲ್ಲವನ್ನು ತೋರಿಸಿ, “ಅಲ್ಲಿಯೇ ನಿಂತದ್ದು” ಎಂದನು. ಆ ಸ್ಥ‍ಳದ ಮೇಲಿಂದ ದೋಣಿಯು ಒಂದು ತೆರೆಯನ್ನು ಹತ್ತಿ ಇಳಿಯಿತು, ಇನ್ನೊಂದನ್ನು ಹತ್ತಿ ಇಳಿಯಿತು. ಎಂಜಿನಿನ ಸದ್ದು ಏರಲೂ ಇಲ್ಲ, ಇಳಿಯಲೂ ಇಲ್ಲ. ಹೊರಗಡಲಿಗೆ ಬಂದ ಮೇಲೆ ಶಿಷ್ಯನು ತಿರುಗಿ ನೋಡದೆ, “ನೌಃ, ನಾವೌ, ನಾವಃ” ಎಂದನು. ದ್ವಿತೀಯಾ ವಿಭಕ್ತಿಯೂ ಸರಿಯಾಗಿ ಬಂದಿತು. ತೃತೀಯೆಯಲ್ಲಿ ತಡವರಿಸಿದನು. ನಾನು ಹೇಳಿಕೊಡಲಿಲ್ಲ.

ಹಿಂದಿರುಗಿ ಕಟ್ಟೆಗೆ ದೋಣಿಯನ್ನು ಕಟ್ಟಿದ ಮೇಲೆ ಅವನು ತಳದ ಹಲಗೆಯೊಂದನ್ನು ಎತ್ತಿ, ನನ್ನನ್ನು ಬಗ್ಗಿ ನೋಡಲು ಕರೆದನು. ಶಾಫ್ಟು ದೋಣಿಯ ಮೈಯನ್ನು ತೂರಿ ಹೊರಗೆ ಹೋಗುವಲ್ಲಿ, ಮೇಣ ಹಿಡಿಸಿದ ನಾರಿನ ಹುರಿಯನ್ನು ಸುತ್ತಿ ತುಂಬಿದ ಒಂದು ಗೂಡಿದೆ. ಅದನ್ನು ತೀರ ಬಿಗಿದರೆ ಶಾಫ್ಟು ಕಾದು ಸವೆಯುತ್ತದೆ. ಸಡಿಲ ಬಿಟ್ಟರೆ ಕಡಲು ಒಳಗೆ ಬರುತ್ತದೆ. ಶಾಫ್ಟು ತಿರುಗುತ್ತಿರುವಾಗ ಆಗೊಂದು ಈಗೊಂದು ತೊಟ್ಟು ಬೀಳುತ್ತಿರಬೇಕಂತೆ. ಎಂಜಿನು ಇನ್ನೂ ಮೆಲ್ಲಗೆ ತಿರುಗುತ್ತಿದ್ದಿತು. ಕತ್ತಲೆಯಲ್ಲಿ ಅವನು ಟಾರ್ಚು ಹಿಡಿದನು. ಒಂದು ತೊಟ್ಟು ಬಿದ್ದಿತು. ನಾನು ಎಣಿಸತೊಡಗಿ ಹನ್ನೆರಡಕ್ಕೆ ಬಂದಾಗ ಇನ್ನೊಂದು ಬಿದ್ದಿತು. ಅವನು ಹಲಗೆಯನ್ನು ಮುಚ್ಚಿದನು.